ಶಾಲೆಯ ಒಪ್ಪಿಗೆ ಪತ್ರ: ಪೋಷಕರ ಸಹಿ ಹಾಗೂ ಲೆಕ್ಕಕ್ಕೆ ಬಾರದ ನಷ್ಟ

2021ರ ಆಗಸ್ಟ್ 23ರಂದು ಕರ್ನಾಟಕದಲ್ಲಿ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ತರಗತಿಗಳು ಪುನರಾರಂಭವಾದಾಗ, ಪ್ರತಿಯೊಬ್ಬ ವಿದ್ಯಾರ್ಥಿಯೂ ಪುಸ್ತಕದ ಚೀಲದೊಂದಿಗೆ ಒಂದು ಕಾಗದವನ್ನೂ ತರಬೇಕಾಗಿತ್ತು. ಅದು ಪೋಷಕರ ಒಪ್ಪಿಗೆ ಪತ್ರ. ಮಗುವನ್ನು ಸ್ವಇಚ್ಛೆಯಿಂದ ಶಾಲೆಗೆ ಕಳುಹಿಸುತ್ತಿರುವುದಾಗಿ ತಂದೆ ಅಥವಾ ತಾಯಿ ಬರೆದುಕೊಡಬೇಕಾಗಿದ್ದ ನಾಲ್ಕಾರು ಸಾಲಿನ ಹಾಳೆ. ಚೆಕ್ಕು, ಹುಂಡಿ, ಬ್ಯಾಂಕಿನ ಸಾಲಪತ್ರ, ತೆರಿಗೆ ವಿವರಣೆ ಎಂದು ದಿನಕ್ಕೆ ಹತ್ತಾರು ಕಾಗದಗಳಿಗೆ ಸಹಿ ಹಾಕಿ ಅಭ್ಯಾಸವಾಗಿರುವ ವರ್ತಕ ಕುಟುಂಬಗಳಲ್ಲಿಯೂ ಈ ಹಾಳೆ ಎರಡು ಮೂರು ದಿನ ಮೇಜಿನ ಮೇಲೆಯೇ ಉಳಿಯಿತು. ಗಂಡ ಸಹಿ ಹಾಕಲು ಹೊರಟರೆ ಹೆಂಡತಿ ತಡೆದಳು. ಹೆಂಡತಿ ಒಪ್ಪಿದರೆ ಮನೆಯ ಹಿರಿಯರು ಬೇಡವೆಂದರು. ಲಕ್ಷಾಂತರ ರೂಪಾಯಿಗಳ ಸರಕನ್ನು ಬಾಯಿಮಾತಿನ ಮೇಲೆ ಸಾಲ ಕೊಡುವವರ ಕೈ ಈ ಸಣ್ಣ ಕಾಗದದ ಮುಂದೆ ಏಕೆ ನಿಂತಿತು ಎಂಬುದು ಯೋಚಿಸತಕ್ಕ ವಿಷಯ. ಸಾಂಕ್ರಾಮಿಕವು ಹಿಂದೆ ಸರಿದು ವರ್ಷಗಳಾಗಿರುವ ಈಗ ಅದನ್ನು ಸ್ವಲ್ಪ ಸಮಾಧಾನದಿಂದ ಪರಿಶೀಲಿಸಲು ಸಾಧ್ಯ.

ಈ ಪತ್ರದ ಮೂಲ ಕೇಂದ್ರ ಸರ್ಕಾರದ ಆದೇಶಗಳಲ್ಲಿದೆ. 2020ರ ಸೆಪ್ಟೆಂಬರ್ 21ರ ನಂತರ ಒಂಬತ್ತರಿಂದ ಹನ್ನೆರಡನೇ ತರಗತಿಯ ಮಕ್ಕಳು ಶಿಕ್ಷಕರ ಮಾರ್ಗದರ್ಶನಕ್ಕಾಗಿ ಶಾಲೆಗೆ ಹೋಗಬಹುದೆಂದೂ, ಅಕ್ಟೋಬರ್ 15ರ ನಂತರ ಶಾಲೆ ತೆರೆಯುವ ತೀರ್ಮಾನವನ್ನು ರಾಜ್ಯಗಳೇ ಕೈಗೊಳ್ಳಬಹುದೆಂದೂ ಕೇಂದ್ರವು ತಿಳಿಸಿತು. ಎರಡು ಸಂದರ್ಭಗಳಲ್ಲಿಯೂ ಪೋಷಕರ ಲಿಖಿತ ಒಪ್ಪಿಗೆ ಕಡ್ಡಾಯ. ಹಾಜರಾತಿ ಮಾತ್ರ ಕಡ್ಡಾಯವಲ್ಲ. ಮೇಲ್ನೋಟಕ್ಕೆ ಇದು ಪೋಷಕರ ಸ್ವಾತಂತ್ರ್ಯವನ್ನು ಗೌರವಿಸುವ ಕ್ರಮ. ಆದರೆ ವ್ಯವಹಾರ ಬಲ್ಲವರು ಇದನ್ನು ಬೇರೆ ದೃಷ್ಟಿಯಿಂದಲೂ ನೋಡಬೇಕಾಗುತ್ತದೆ. ಕೇಂದ್ರವು ತೀರ್ಮಾನವನ್ನು ರಾಜ್ಯಕ್ಕೆ ಬಿಟ್ಟಿತು, ರಾಜ್ಯವು ಶಾಲೆಗೆ ಬಿಟ್ಟಿತು, ಶಾಲೆಯು ಒಂದು ಹಾಳೆಯ ಮೂಲಕ ಅದನ್ನು ಪೋಷಕರ ಮೇಜಿಗೆ ದಾಟಿಸಿತು. ಹೊಣೆಯು ಹೀಗೆ ಕೈಯಿಂದ ಕೈಗೆ ಇಳಿಯುತ್ತಾ ಬಂದು, ಆ ವಿಷಯದಲ್ಲಿ ಎಲ್ಲರಿಗಿಂತ ಕಡಿಮೆ ಮಾಹಿತಿ ಇದ್ದವನ ಬಳಿ ನಿಂತಿತು.

ಬ್ಯಾಂಕಿನಲ್ಲಿ ಮತ್ತೊಬ್ಬರ ಸಾಲಕ್ಕೆ ಜಾಮೀನು ನಿಲ್ಲುವವನಿಗೆ ಮೊತ್ತ ಗೊತ್ತಿರುತ್ತದೆ, ಅವಧಿ ಗೊತ್ತಿರುತ್ತದೆ, ಸಾಲಗಾರನ ಯೋಗ್ಯತೆಯೂ ಗೊತ್ತಿರುತ್ತದೆ. ಗೊತ್ತಿಲ್ಲದೆ ಸಹಿ ಹಾಕಿದವನನ್ನು ಪೇಟೆಯಲ್ಲಿ ಯಾರೂ ಜಾಣನೆಂದು ಕರೆಯುವುದಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದ ತಂದೆಗೆ ತನ್ನ ಬಡಾವಣೆಯಲ್ಲಿ ಆ ವಾರ ಎಷ್ಟು ಸೋಂಕಿದೆ ಎಂಬುದು ತಿಳಿದಿರಲಿಲ್ಲ. ಪ್ರಕಟವಾಗುತ್ತಿದ್ದುದು ಜಿಲ್ಲೆಯ ಅಂಕಿ. ಶಾಲೆಯ ಶಿಕ್ಷಕರಲ್ಲಿ ಎಷ್ಟು ಮಂದಿ ಲಸಿಕೆ ಪಡೆದಿದ್ದಾರೆ, ವ್ಯಾನಿನ ಚಾಲಕ ಪಡೆದಿದ್ದಾನೆಯೇ, ಒಂದು ಕೊಠಡಿಯಲ್ಲಿ ಎಷ್ಟು ಮಕ್ಕಳನ್ನು ಕೂರಿಸುತ್ತಾರೆ, ಯಾರಿಗಾದರೂ ಸೋಂಕು ತಗುಲಿದರೆ ಆಸ್ಪತ್ರೆಯ ಖರ್ಚು ಯಾರದು ಎಂಬ ಯಾವ ಪ್ರಶ್ನೆಗೂ ಆ ಹಾಳೆಯಲ್ಲಿ ಉತ್ತರವಿರಲಿಲ್ಲ. ಅಂತಹ ಪತ್ರವೊಂದರಿಂದ ಶಾಲೆಯ ನಿರ್ಲಕ್ಷ್ಯದ ಹೊಣೆ ಕಾನೂನಿನ ದೃಷ್ಟಿಯಲ್ಲಿ ತೊಳೆದುಹೋಗುತ್ತದೆ ಎನ್ನುವಂತಿಲ್ಲ. ಆದರೂ ಸಹಿ ಹಾಕಿದವರ ಮನಸ್ಸಿನಲ್ಲಿ ಉಳಿದದ್ದು ಒಂದೇ ಮಾತು: ನಾಳೆ ಏನಾದರೂ ಆದರೆ ನೀವೇ ಬರೆದುಕೊಟ್ಟಿದ್ದೀರಿ ಎನ್ನುತ್ತಾರೆ.

ಆಗಸ್ಟ್ 2021ರ ಆ ಹಿಂಜರಿಕೆಯನ್ನು ಅರ್ಥಮಾಡಿಕೊಳ್ಳಲು ಹಿಂದಿನ 17 ತಿಂಗಳುಗಳನ್ನು ನೆನೆಯಬೇಕು. 2020ರ ಮಾರ್ಚ್ ಮಧ್ಯದಲ್ಲಿ ಶಾಲೆಗಳು ಮುಚ್ಚಿದವು. ಜೂನ್ ತಿಂಗಳಲ್ಲಿ ಸಣ್ಣ ತರಗತಿಗಳಿಗೆ ಆನ್‌ಲೈನ್ ಪಾಠವನ್ನೇ ರಾಜ್ಯ ಸರ್ಕಾರ ನಿಷೇಧಿಸಿತು; ಜುಲೈನಲ್ಲಿ ಉಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿತು. ಆಗಸ್ಟ್‌ನಲ್ಲಿ ವಿದ್ಯಾಗಮ ಯೋಜನೆ ಬಂದಿತು. ಸರ್ಕಾರಿ ಶಾಲೆಗಳ ಶಿಕ್ಷಕರು ಊರಿನ ಗುಡಿಯ ಅಂಗಳ, ಸಮುದಾಯ ಭವನ, ಮರದ ನೆರಳು ಎಂದು ಸಿಕ್ಕ ಕಡೆ ಮಕ್ಕಳನ್ನು ಸೇರಿಸಿ ಪಾಠ ಹೇಳಿದರು. ಮಕ್ಕಳಲ್ಲಿಯೂ ಶಿಕ್ಷಕರಲ್ಲಿಯೂ ಸೋಂಕು ಕಾಣಿಸಿಕೊಂಡ ವರದಿಗಳು ಬಂದೊಡನೆ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. 2021ರ ಜನವರಿ 1ರಂದು ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿ, ಫೆಬ್ರವರಿಯಲ್ಲಿ ಇನ್ನು ಕೆಲವು ತರಗತಿಗಳು ತೆರೆದವು. ಪುಸ್ತಕಕ್ಕೆ ರಟ್ಟು ಹಾಕಿ ಮುಗಿಯುವಷ್ಟರಲ್ಲಿ ಎರಡನೇ ಅಲೆ ಏರಿ ಏಪ್ರಿಲ್‌ನಲ್ಲಿ ಮತ್ತೆ ಬಾಗಿಲು ಬಿದ್ದಿತು. ತೆರೆಯುವುದು, ಮುಚ್ಚುವುದು, ಆದೇಶ, ತಿದ್ದುಪಡಿ ಆದೇಶ! ಜಿ.ಎಸ್.ಟಿ. ಸುತ್ತೋಲೆಗಳಿಗೆ ಒಗ್ಗಿಹೋದ ವರ್ತಕರಿಗೂ ಇದು ಅತಿಯಾಯಿತು.

ಎರಡನೇ ಅಲೆಯ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ಯಾವ ಕುಟುಂಬವೂ ಮರೆತಿಲ್ಲ. ಆಮ್ಲಜನಕದ ಸಿಲಿಂಡರಿಗಾಗಿ, ಒಂದು ಹಾಸಿಗೆಗಾಗಿ ರಾತ್ರಿಯಿಡೀ ಫೋನು ಮಾಡಿದವರು ಪ್ರತಿ ಪೇಟೆಯಲ್ಲಿಯೂ ಇದ್ದಾರೆ. ಮೂರು ತಿಂಗಳ ನಂತರ ಒಪ್ಪಿಗೆ ಪತ್ರ ಬಂದಾಗ ಮನೆಯಲ್ಲಿ ಎದ್ದ ಭಯ ಬಹುಪಾಲು ಮಗುವಿನ ಕುರಿತಾದುದಲ್ಲ; ಮಗುವಿನ ಮೂಲಕ ಮನೆಯೊಳಗೆ ಬರಬಹುದಾದ ರೋಗದ ಕುರಿತಾದುದು. ಅಂಗಡಿಯ ಹಿಂದೆಯೇ ಅಥವಾ ಮಹಡಿಯ ಮೇಲೆಯೇ ಮನೆ ಇರುವ ವರ್ತಕರ ಕೂಡು ಕುಟುಂಬಗಳಲ್ಲಿ ಎಪ್ಪತ್ತು ದಾಟಿದ ಅಜ್ಜ, ಸಕ್ಕರೆ ಕಾಯಿಲೆಯ ಅಜ್ಜಿ, ಶಾಲೆಗೆ ಹೋಗುವ ಮೂರು ನಾಲ್ಕು ಮಕ್ಕಳು ಒಂದೇ ಸೂರಿನಡಿ ಇರುತ್ತಾರೆ. ಒಂದು ಮಗು ಹೊರಗೆ ಹೋದರೆ ಎಲ್ಲರೂ ಹೊರಗೆ ಹೋದಂತೆಯೇ. ಆ ವರ್ಷದ ಮೇ 13ರಂದು ಕೋವಿಶೀಲ್ಡ್ ಲಸಿಕೆಯ ಎರಡು ಡೋಸುಗಳ ನಡುವಿನ ಅಂತರವನ್ನು 12ರಿಂದ 16 ವಾರಗಳಿಗೆ ಹೆಚ್ಚಿಸಲಾಗಿತ್ತು. ಮೇ ತಿಂಗಳಲ್ಲಿ ಮೊದಲ ಡೋಸು ಪಡೆದವರ ಸರದಿ ಮತ್ತೆ ಬರುವುದು ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ. ಹೀಗಾಗಿ ಮೊಮ್ಮಗ ಶಾಲೆಗೆ ಹೋಗುವ ದಿನವನ್ನು ಶಾಲೆಯ ವೇಳಾಪಟ್ಟಿಗಿಂತ ಅಜ್ಜಿಯ ಎರಡನೇ ಚುಚ್ಚುಮದ್ದಿನ ದಿನಾಂಕವೇ ನಿರ್ಧರಿಸಿದ ಮನೆಗಳಿದ್ದವು. ಇದನ್ನು ಅಂಜುಬುರುಕತನವೆಂದು ಕರೆಯುವುದು ನ್ಯಾಯವಲ್ಲ. ಇರುವ ಮಾಹಿತಿಯಲ್ಲಿ ಮಾಡಬಹುದಾದ ಅತ್ಯಂತ ಸರಿಯಾದ ಲೆಕ್ಕ ಅದೇ ಆಗಿತ್ತು.

ಮಕ್ಕಳ ಕುರಿತಾಗಿ ಹರಡಿದ್ದ ಭಯದ ಮಾತು ಬೇರೆ. ಮೂರನೇ ಅಲೆಯು ಮಕ್ಕಳನ್ನೇ ಕಾಡುತ್ತದೆ ಎಂಬ ಮಾತು ಆ ಬೇಸಿಗೆಯಲ್ಲಿ ಮನೆಮನೆಗೂ ತಲುಪಿತ್ತು. ಹಾಗೆ ನಂಬಲು ಯಾವ ದತ್ತಾಂಶವೂ ಇಲ್ಲವೆಂದು ದೆಹಲಿಯ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ ಜೂನ್ 2021ರಲ್ಲಿಯೇ ಹೇಳಿದ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಜೂನ್ ಮತ್ತು ಜುಲೈನಲ್ಲಿ ನಡೆಸಿದ ನಾಲ್ಕನೇ ರಾಷ್ಟ್ರೀಯ ಸಮೀಕ್ಷೆಯಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲಿ ಶೇ. 57.2ರಷ್ಟು, 10ರಿಂದ 17 ವರ್ಷದವರಲ್ಲಿ ಶೇ. 61.6ರಷ್ಟು ಮಂದಿಯ ರಕ್ತದಲ್ಲಿ ಪ್ರತಿಕಾಯಗಳು ಕಂಡುಬಂದವು. ಅಂದರೆ ಮನೆಯೊಳಗೇ ಇದ್ದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸೋಂಕು ಆಗಲೇ ಬಂದು ಹೋಗಿತ್ತು, ಅವರಲ್ಲಿ ಬಹುಪಾಲು ಮನೆಗಳಿಗೆ ಅದು ತಿಳಿದೂ ಇರಲಿಲ್ಲ. ಶಾಲೆ ತೆರೆಯುವುದಾದರೆ ಪ್ರಾಥಮಿಕ ಶಾಲೆಗಳಿಂದಲೇ ಆರಂಭಿಸುವುದು ವಿವೇಕವೆಂದು ಮಂಡಳಿಯ ಮಹಾನಿರ್ದೇಶಕರಾಗಿದ್ದ ಡಾ. ಬಲರಾಮ್ ಭಾರ್ಗವ ಅದೇ ಜುಲೈನಲ್ಲಿ ಹೇಳಿದರು. ಕರ್ನಾಟಕದಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. ದೊಡ್ಡ ತರಗತಿಗಳು ಆಗಸ್ಟ್ 23ರಂದು, ಆರರಿಂದ ಎಂಟು ಸೆಪ್ಟೆಂಬರ್ 6ರಂದು, ಒಂದರಿಂದ ಐದು ಅಕ್ಟೋಬರ್ 25ರಂದು, ಶಿಶುವಿಹಾರದ ತರಗತಿಗಳು ಎಲ್ಲಕ್ಕಿಂತ ಕೊನೆಗೆ ನವೆಂಬರ್ 8ರಂದು ಆರಂಭವಾದವು. ಪಬ್ಲಿಕ್ ಪರೀಕ್ಷೆ ಇರುವ ಮಗುವೇ ಮುಖ್ಯ, ಅಕ್ಷರ ಕಲಿಯುವ ಮಗು ಕಾಯಬಹುದು ಎಂಬ ಭಾವನೆ ಸರ್ಕಾರದಲ್ಲಿ ಇದ್ದಂತೆಯೇ ಪೋಷಕರಲ್ಲಿಯೂ ಇತ್ತೆಂಬುದನ್ನು ಒಪ್ಪಿಕೊಳ್ಳಬೇಕು.

ಪರೀಕ್ಷೆಯ ವಿಷಯದಲ್ಲಿ ಒಂದು ವಿಚಿತ್ರವನ್ನು ಗಮನಿಸಬಹುದು. 2020ರ ಜೂನ್ 25ರಂದು, ಲಸಿಕೆಯ ಸುಳಿವೇ ಇಲ್ಲದ ಕಾಲದಲ್ಲಿ, ಎಸ್.ಎಸ್.ಎಲ್.ಸಿ. ಪರೀಕ್ಷೆ ಆರಂಭವಾದಾಗ ರಾಜ್ಯದ ಎಂಟು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ನೋಂದಾಯಿಸಿಕೊಂಡಿದ್ದರು ಮತ್ತು ಅವರಲ್ಲಿ ಅತ್ಯಧಿಕ ಮಂದಿ ಹಾಜರಾದರು. ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಮಾಸ್ಕು ಧರಿಸಿ ಕಾದು ನಿಂತವರು ಇದೇ ಪೋಷಕರು. ಪಾಠಕ್ಕೆ ಕಳುಹಿಸಲು ಅಂಜಿದವರು ಪರೀಕ್ಷೆಗೆ ಕಳುಹಿಸಲು ಅಂಜಲಿಲ್ಲ. ಅಂಕಪಟ್ಟಿಯ ಲಾಭ ಕಣ್ಣಿಗೆ ಕಾಣುತ್ತದೆ. ಪಾಠದ ಲಾಭ ಕಾಣುವುದಿಲ್ಲ. ಅಪಾಯವನ್ನು ಎದುರಿಸುವ ಧೈರ್ಯ ಪೋಷಕರಲ್ಲಿ ಇತ್ತು, ಏತಕ್ಕಾಗಿ ಎದುರಿಸಬೇಕು ಎಂಬುದರ ಲೆಕ್ಕ ಮಾತ್ರ ಯಾರೂ ಅವರ ಮುಂದೆ ಇಟ್ಟಿರಲಿಲ್ಲ.

ಆ ಲೆಕ್ಕದ ಇನ್ನೊಂದು ಬದಿ ನಿಜಕ್ಕೂ ಖಾಲಿಯಾಗಿತ್ತು. ಸೋಂಕಿತರು, ಗುಣಮುಖರು, ಮೃತರು ಎಂದು ಪ್ರತಿ ಸಂಜೆ ಪ್ರಕಟಣೆ ಹೊರಬೀಳುತ್ತಿತ್ತು. ಇಂದು ಇಷ್ಟು ಸಾವಿರ ಮಕ್ಕಳು ಓದುವುದನ್ನು ಮರೆತರು, ಇಷ್ಟು ಮಂದಿ ಭಾಗಾಕಾರ ಮರೆತರು ಎಂಬ ಪ್ರಕಟಣೆ ಯಾವ ಸಂಜೆಯೂ ಹೊರಬೀಳಲಿಲ್ಲ. ಕಿರ್ದಿಯಲ್ಲಿ ಒಂದು ಬದಿಯನ್ನಷ್ಟೇ ಬರೆದು ಇನ್ನೊಂದನ್ನು ಬಿಟ್ಟರೆ ಬಾಕಿ ತಪ್ಪಾಗಿಯೇ ಬರುತ್ತದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಜನವರಿ 2021ರಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 44 ಜಿಲ್ಲೆಗಳಲ್ಲಿ 16,067 ಸರ್ಕಾರಿ ಶಾಲಾ ಮಕ್ಕಳನ್ನು ಪರೀಕ್ಷಿಸಿದಾಗ, ಎರಡರಿಂದ ಆರನೇ ತರಗತಿಯವರಲ್ಲಿ ಶೇ. 92ರಷ್ಟು ಮಂದಿ ಹಿಂದಿನ ವರ್ಷ ತಮಗೆ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ, ಶೇ. 82ರಷ್ಟು ಮಂದಿ ಗಣಿತದ ಒಂದು ಸಾಮರ್ಥ್ಯವನ್ನಾದರೂ ಕಳೆದುಕೊಂಡಿದ್ದರು. ಹೊಸದನ್ನು ಕಲಿಯದಿರುವುದು ಒಂದು ನಷ್ಟ. ಕಲಿತದ್ದನ್ನು ಮರೆಯುವುದು ಅಸಲಿಗೇ ಬಂದ ನಷ್ಟ. ಬಡ್ಡಿ ಹೋಗಲಿ, ಮೂಲಧನವೇ ಕರಗಿತ್ತು. ಈ ವರದಿ ಫೆಬ್ರವರಿಯಲ್ಲಿಯೇ ಪ್ರಕಟವಾಗಿದ್ದರೂ ಆಗಸ್ಟ್‌ನಲ್ಲಿ ಪೋಷಕರ ಕೈಗೆ ಬಂದ ಹಾಳೆಯಲ್ಲಿ ಇದರ ಪ್ರಸ್ತಾಪವಿರಲಿಲ್ಲ.

ಮನೆಯಲ್ಲಿ ಆನ್‌ಲೈನ್ ಪಾಠ ನಡೆಯುತ್ತಿದೆಯಲ್ಲ ಎಂಬ ಸಮಾಧಾನ ವರ್ತಕ ಕುಟುಂಬಗಳಲ್ಲಿ ಸಾಮಾನ್ಯವಾಗಿತ್ತು. ಆ ಪಾಠದ ಸ್ವರೂಪವೇನು? ಬೆಳಿಗ್ಗೆ ಹತ್ತು ಗಂಟೆಗೆ ತಂದೆಯ ಫೋನು ಮಗಳ ಕೈಯಲ್ಲಿ. ಅದೇ ಫೋನಿಗೆ ಗಿರಾಕಿಯ ಆರ್ಡರು, ಸಾಗಣೆಯವನ ಕರೆ, ಹಣ ಜಮೆಯಾದ ಸಂದೇಶ. ಹತ್ತೂಕಾಲಿಗೆ ಫೋನು ಅಂಗಡಿಗೆ ವಾಪಸು. ಇದು ಅನುಕೂಲಸ್ಥರ ಮನೆಯ ಕಥೆ. 2021ರ ಆಗಸ್ಟ್‌ನಲ್ಲಿ ಅರ್ಥಶಾಸ್ತ್ರಜ್ಞ ಜೀನ್ ಡ್ರೀಜ್ ಮತ್ತಿತರರ ನೇತೃತ್ವದಲ್ಲಿ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳ ಸುಮಾರು 1,400 ಮಕ್ಕಳ ನಡುವೆ ನಡೆದ ಸಮೀಕ್ಷೆಯ ಪ್ರಕಾರ, ಆನ್‌ಲೈನ್‌ನಲ್ಲಿ ನಿಯಮಿತವಾಗಿ ಓದುತ್ತಿದ್ದವರು ಹಳ್ಳಿಗಳಲ್ಲಿ ಶೇ. 8, ಪಟ್ಟಣಗಳಲ್ಲಿ ಶೇ. 24 ಮಾತ್ರ. ಅದೇ ಸಮೀಕ್ಷೆಯಲ್ಲಿ ಹಳ್ಳಿಗಳ ಪೋಷಕರಲ್ಲಿ ಶೇ. 97ರಷ್ಟು ಮಂದಿ ಶಾಲೆ ತೆರೆಯಲಿ ಎಂದಿದ್ದರು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಇನ್ನೊಂದು ಅಧ್ಯಯನವು 2020ರ ನವೆಂಬರ್‌ನಲ್ಲಿಯೇ, ಮೊದಲ ಅಲೆ ಪೂರ್ತಿ ಇಳಿಯುವ ಮುನ್ನ, ಸರ್ಕಾರಿ ಶಾಲಾ ಮಕ್ಕಳ ಪೋಷಕರಲ್ಲಿ ಸುಮಾರು ಶೇ. 90ರಷ್ಟು ಮಂದಿ ಸೂಕ್ತ ಮುನ್ನೆಚ್ಚರಿಕೆ ವಹಿಸಿದರೆ ಮಕ್ಕಳನ್ನು ಕಳುಹಿಸಲು ಸಿದ್ಧರಿದ್ದಾರೆಂದು ತಿಳಿಸಿತ್ತು.

ಈ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಒಂದೇ ಕೋಣೆಯ ಮನೆಯಲ್ಲಿ ಐವರು ಮಲಗುವ, ರೋಗ ಬಂದರೆ ಪ್ರತ್ಯೇಕವಾಗಿರಲು ಮೂಲೆಯೂ ಇಲ್ಲದ ಕುಟುಂಬಗಳು ಶಾಲೆ ತೆರೆಯಿರಿ ಎನ್ನುತ್ತಿದ್ದವು. ಮಹಡಿ ಮನೆ, ಆರೋಗ್ಯ ವಿಮೆ, ಸ್ವಂತ ವಾಹನ ಇದ್ದವರು ಇನ್ನೂ ಕಾಯೋಣ ಎನ್ನುತ್ತಿದ್ದರು. ಬಡವರಿಗೆ ರೋಗದ ಭಯ ಕಡಿಮೆ ಎಂದು ಇದರ ಅರ್ಥವಲ್ಲ. ಶಾಲೆ ಮುಚ್ಚಿದ್ದರ ಬೆಲೆಯನ್ನು ಅವರು ಪ್ರತಿದಿನ ನಗದಾಗಿ ತೆರುತ್ತಿದ್ದರು. ಪೀಣ್ಯದ ಸಣ್ಣ ಘಟಕದಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಯಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ ಪ್ಯಾಕಿಂಗ್‌ಗೋ ತಪಾಸಣೆಗೋ ಬರುವ ಮಹಿಳೆಗೆ ಶಾಲೆ ಎಂದರೆ ವಿದ್ಯೆಯಷ್ಟೇ ಅಲ್ಲ. ತಾನು ಕೆಲಸದಲ್ಲಿರುವಾಗ ಮಗು ಸುರಕ್ಷಿತವಾಗಿ ಕುಳಿತಿರುವ ಜಾಗ, ಮಧ್ಯಾಹ್ನದ ಬಿಸಿಯೂಟ ಸಿಗುವ ಜಾಗ. ಬಿಸಿಯೂಟದ ಬದಲಿಗೆ ಅಕ್ಕಿ ಬೇಳೆ ಕೊಟ್ಟರೂ, ಅದನ್ನು ಬೇಯಿಸಿ ಬಡಿಸಲು ಮನೆಯಲ್ಲಿ ಒಬ್ಬರು ಇರಬೇಕಷ್ಟೆ. ಲಾಕ್‌ಡೌನ್ ತೆರವಾದ ಮೇಲೂ ಹೆಣ್ಣಾಳುಗಳು ಕೆಲಸಕ್ಕೆ ಬರುತ್ತಿಲ್ಲವೆಂದು ಆಗ ಗೊಣಗಿದ ಮಾಲೀಕರು, ಆ ಹೆಣ್ಣುಮಗಳ ಎಂಟು ವರ್ಷದ ಮಗು ಆ ಹೊತ್ತಿನಲ್ಲಿ ಎಲ್ಲಿದೆ ಎಂದು ವಿಚಾರಿಸಿದ್ದು ಅಪರೂಪ. ಶಾಲೆಯ ಬಾಗಿಲಿಗೂ ಕಾರ್ಖಾನೆಯ ಗೇಟಿಗೂ ಇರುವ ಸಂಬಂಧ ಅಷ್ಟು ನೇರವಾದದ್ದು.

ಅದಿರಲಿ. ಸರ್ಕಾರದ ಕಿವಿಗೆ ಬಿದ್ದದ್ದು ಯಾರ ಮಾತು? ಟಿ.ವಿ. ಚರ್ಚೆಗೆ ಕರೆಯಲ್ಪಟ್ಟವರು, ಪತ್ರಿಕೆಗೆ ಬರೆದವರು, ಸಚಿವರಿಗೆ ಮನವಿ ಕೊಟ್ಟವರು ಹೆಚ್ಚಾಗಿ ಎರಡನೆಯ ಗುಂಪಿನವರು. ಕಾಯಲು ಶಕ್ತಿ ಇದ್ದವರ ಅಭಿಪ್ರಾಯವು ಕಾಯಲಾಗದವರ ಮೇಲೆಯೂ ನೀತಿಯಾಗಿ ಕುಳಿತಿತು.

ಇಲ್ಲಿ ವಾಣಿಜ್ಯ ಸಂಸ್ಥೆಗಳು ತಮ್ಮನ್ನೂ ಪ್ರಶ್ನಿಸಿಕೊಳ್ಳಬೇಕಾಗಿದೆ. ಕರ್ನಾಟಕದಲ್ಲಿ ಮದ್ಯದಂಗಡಿಗಳು ತೆರೆದದ್ದು 2020ರ ಮೇ 4ರಂದು. ಮಾಲ್‌ಗಳಿಗೆ ಅನುಮತಿ ದೊರೆತದ್ದು ಜೂನ್ 8ರಿಂದ. ಅರ್ಧ ಆಸನಗಳೊಂದಿಗೆ ಚಿತ್ರಮಂದಿರಗಳಿಗೆ ಅವಕಾಶ ಬಂದದ್ದು ಅಕ್ಟೋಬರ್ 15ರಿಂದ. ಒಂದನೇ ತರಗತಿಯ ಮಗು ತನ್ನ ಶಾಲೆಯ ಬೆಂಚಿನಲ್ಲಿ ಕುಳಿತದ್ದು 2021ರ ಅಕ್ಟೋಬರ್ 25ರಂದು, ಚಿತ್ರಮಂದಿರ ತೆರೆದು ಒಂದು ವರ್ಷವೂ ಹತ್ತು ದಿನಗಳೂ ಕಳೆದ ಮೇಲೆ. ಮದ್ಯಕ್ಕೆ ಮಾರಾಟಗಾರರ ಸಂಘವಿತ್ತು, ಅದಕ್ಕಿಂತ ಮಿಗಿಲಾಗಿ ಖಜಾನೆಯ ಆದಾಯವಿತ್ತು. ಮಾಲ್‌ಗೆ, ಚಿತ್ರಮಂದಿರಕ್ಕೆ, ಹೋಟೆಲಿಗೆ ಅವರವರ ಸಂಘಗಳಿದ್ದವು. ಸಾಲದ ಕಂತಿನ ಮುಂದೂಡಿಕೆ, ತೆರಿಗೆ ವಿವರಣೆಯ ಗಡುವು, ವಹಿವಾಟಿನ ಸಮಯ ವಿಸ್ತರಣೆ ಕುರಿತು ವರ್ತಕರ ಸಂಘಗಳು ಹೋರಾಡಿದವು; ಹೋರಾಡಿದ್ದು ಸರಿಯೂ ಹೌದು. ಆ ಮನವಿಪತ್ರಗಳ ಕೊನೆಯಲ್ಲಿ, ನಮ್ಮ ನೌಕರರ ಮಕ್ಕಳ ಶಾಲೆಯನ್ನೂ ಸುರಕ್ಷಿತವಾಗಿ ತೆರೆಯಿರಿ ಎಂಬ ಒಂದು ಸಾಲು ಎಷ್ಟು ಕಡೆ ಇತ್ತು? ಅಂಗಡಿ ತೆರೆಯುವ ಅಪಾಯವನ್ನು ತಾವೇ ತೂಗಿ ನೋಡಿ ಒಪ್ಪಿಕೊಂಡವರು, ಶಾಲೆಯ ಅಪಾಯವನ್ನು ತೂಗುವ ಕೆಲಸವನ್ನು ಟಿ.ವಿ. ವಾಹಿನಿಗಳಿಗೆ ಬಿಟ್ಟರು.

ಒಪ್ಪಿಗೆ ಪತ್ರದ ಹಿಂದೆ ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣವೂ ಕೆಲವು ಮನೆಗಳಲ್ಲಿತ್ತು. ಅದು ಶುಲ್ಕದ ಬಾಕಿ. ಮಗು ಶಾಲೆಗೆ ಹೋದರೆ ಬಾಕಿಯ ಮಾತು ಬರುತ್ತದೆ. ವಹಿವಾಟು ಅರ್ಧಕ್ಕಿಳಿದು, ದುಡಿಯುವ ಬಂಡವಾಳವೇ ಮನೆಖರ್ಚಿಗೆ ಸೋರಿಹೋಗಿದ್ದ ಸಣ್ಣ ವ್ಯಾಪಾರಿಗೆ ರೋಗದ ಹೆಸರು ಹೇಳಿ ಕಾಯುವುದು ಮರ್ಯಾದೆಯ ದಾರಿಯಾಗಿ ಕಂಡಿತು. 2021ರ ಜನವರಿ ಅಂತ್ಯದಲ್ಲಿ ರಾಜ್ಯ ಸರ್ಕಾರವು ಬೋಧನಾ ಶುಲ್ಕದಲ್ಲಿ ಶೇ. 30ರಷ್ಟು ಕಡಿತ ಮಾಡಿ ಆದೇಶಿಸಿತು. ರಾಜಸ್ಥಾನದ ಶಾಲೆಗಳ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮೇ 3ರಂದು ಶೇ. 15ರ ರಿಯಾಯಿತಿಯ ಸೂತ್ರ ನೀಡಿತು. ಕರ್ನಾಟಕ ಉಚ್ಚ ನ್ಯಾಯಾಲಯವು ಸೆಪ್ಟೆಂಬರ್‌ನಲ್ಲಿ ಅದನ್ನೇ ಇಲ್ಲಿಗೂ ಅನ್ವಯಿಸಿತು. ಅಷ್ಟರಲ್ಲಿ ಎರಡು ಶೈಕ್ಷಣಿಕ ವರ್ಷಗಳ ಶುಲ್ಕ ಮಿಶ್ರವಾಗಿ, ಯಾರು ಯಾರಿಗೆ ಎಷ್ಟು ಕೊಡಬೇಕೆಂಬುದೇ ಗೊಂದಲವಾಗಿತ್ತು. (ಆದಾಯ ತೆರಿಗೆಯ 80ಸಿ ರಿಯಾಯಿತಿಯು ಬೋಧನಾ ಶುಲ್ಕವನ್ನು ನಿಜವಾಗಿ ಪಾವತಿಸಿದ ವರ್ಷಕ್ಕೆ ಮಾತ್ರ ದೊರೆಯುತ್ತಿತ್ತಾದ್ದರಿಂದ, ಎರಡು ವರ್ಷದ ಬಾಕಿಯನ್ನು ಒಟ್ಟಿಗೆ ಕಟ್ಟಿದವರು ಒಂದೂವರೆ ಲಕ್ಷದ ಮಿತಿ ತಾಗಿ ಆ ಲಾಭವನ್ನೂ ಅಷ್ಟಿಷ್ಟು ಕಳೆದುಕೊಂಡರು.) ಅತ್ತ ಸಣ್ಣ ಪಟ್ಟಣಗಳ ಖಾಸಗಿ ಶಾಲೆಗಳೂ ಒಂದು ಬಗೆಯ ಸಣ್ಣ ಉದ್ಯಮಗಳೇ. ಕಟ್ಟಡದ ಸಾಲ, ನಿಂತಲ್ಲೇ ನಿಂತ ಬಸ್ಸುಗಳ ಕಂತು, ಶಿಕ್ಷಕರ ಸಂಬಳ. ಅರ್ಧ ಸಂಬಳಕ್ಕೆ ಇಳಿದ, ಸಂಬಳವೇ ಇಲ್ಲದೆ ತರಕಾರಿ ಮಾರಲು ನಿಂತ ಶಿಕ್ಷಕರನ್ನು ಆ ವರ್ಷ ಎಲ್ಲ ಊರುಗಳೂ ಕಂಡವು. ಜೂನ್ 2021ರಲ್ಲಿ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ಸರ್ಕಾರ ಘೋಷಿಸಿದ ನೆರವು ಒಮ್ಮೆಗೆ 5,000 ರೂಪಾಯಿ.

ಅನೇಕ ಪೋಷಕರು ಮಕ್ಕಳನ್ನು ಖಾಸಗಿ ಶಾಲೆಯಿಂದ ಬಿಡಿಸಿ ಸರ್ಕಾರಿ ಶಾಲೆಗೆ ಸೇರಿಸಿದರು. ಪ್ರಥಮ್ ಸಂಸ್ಥೆಯ ‘ಅಸರ್’ ವರದಿಯಂತೆ ದೇಶದ ಗ್ರಾಮೀಣ ಭಾಗದಲ್ಲಿ ಸರ್ಕಾರಿ ಶಾಲೆಗಳಲ್ಲಿದ್ದ ಮಕ್ಕಳ ಪ್ರಮಾಣ 2018ರಲ್ಲಿ ಶೇ. 65.6 ಇದ್ದುದು 2022ರಲ್ಲಿ ಶೇ. 72.9ಕ್ಕೆ ಏರಿತು. ಸರ್ಕಾರಿ ಶಾಲೆಯ ಬಗ್ಗೆ ಹಗುರವಾಗಿ ಮಾತನಾಡುತ್ತಿದ್ದ ಹಲವರಿಗೆ ಅದು ಕಷ್ಟಕಾಲದ ಆಸರೆಯಾಯಿತು.

ಒಪ್ಪಿಗೆ ಪತ್ರದ ದಿನಗಳಲ್ಲಿ ನಿಜವಾಗಿ ನಡೆದದ್ದೇನು? ಪೇಟೆಯಲ್ಲಿ ನಡೆಯುವುದೇ ಅಲ್ಲಿಯೂ ನಡೆಯಿತು. ಮೊದಲ ದಿನ ಕೆಲವರು ಕಳುಹಿಸಿದರು. ಪಕ್ಕದ ಮನೆಯವರು ಒಂದು ವಾರ ಗಮನಿಸಿದರು. ಕೆಟ್ಟ ಸುದ್ದಿ ಬರಲಿಲ್ಲವಾಗಿ ಎರಡನೇ ವಾರ ಅವರೂ ಕಳುಹಿಸಿದರು. ಬಹಳಷ್ಟು ಕಡೆ ಮಕ್ಕಳೇ ಹಟ ಹಿಡಿದರು. ತಿಂಗಳುಗಟ್ಟಲೆ ಗೆಳೆಯರ ಮುಖ ಕಾಣದ ಹದಿನಾಲ್ಕರ ಹುಡುಗ, ನಾನು ಹೋಗುತ್ತೇನೆ, ಸಹಿ ಹಾಕಿ ಎಂದು ತಂದೆಯ ಮುಂದೆ ಪೆನ್ನು ಹಿಡಿದು ನಿಂತ ಮನೆಗಳು ಕಡಿಮೆಯಲ್ಲ. 2022ರ ಜನವರಿಯಲ್ಲಿ ಮೂರನೇ ಅಲೆ ಬಂದು ಬೆಂಗಳೂರಿನಲ್ಲಿ 6ನೇ ತಾರೀಖಿನಿಂದ ಒಂದರಿಂದ ಒಂಬತ್ತರವರೆಗಿನ ತರಗತಿಗಳನ್ನು ಮತ್ತೆ ಮುಚ್ಚಿದಾಗ ಪೋಷಕರ ಅಸಮಾಧಾನ ಮುಚ್ಚಿದ್ದರ ವಿರುದ್ಧವಾಗಿತ್ತು. ಐದು ತಿಂಗಳ ಹಿಂದೆ ಏಕೆ ತೆರೆಯುತ್ತೀರಿ ಎಂದು ಕೇಳಿದವರೇ ಈಗ ಏಕೆ ಮುಚ್ಚುತ್ತೀರಿ ಎಂದರು. 15ರಿಂದ 18 ವರ್ಷದವರಿಗೆ ಅದೇ ಜನವರಿ 3ರಿಂದ ಲಸಿಕೆ ಆರಂಭವಾಗಿದ್ದು ಒಂದು ಕಾರಣ. ಮಗು ಶಾಲೆಗೆ ಹೋಗಿ ಬಂದು, ಎರಡೇ ತಿಂಗಳಲ್ಲಿ ಮತ್ತೆ ಮಾತು, ಹಸಿವು, ನಿದ್ರೆ ಎಲ್ಲವೂ ಹಳಿಗೆ ಬಂದುದನ್ನು ಕಣ್ಣಾರೆ ಕಂಡದ್ದು ಇನ್ನೂ ದೊಡ್ಡ ಕಾರಣ. ಜನವರಿ 31ರಂದು ಬೆಂಗಳೂರಿನ ಶಾಲೆಗಳು ತೆರೆದವು.

ಆ ಇಡೀ ಅವಧಿಯಲ್ಲಿ ಪೋಷಕರ ಅಪಾಯಕ್ಕೆ ರೂಪಾಯಿಗಳಲ್ಲಿ ಬೆಲೆ ಕಟ್ಟಿದ ಒಂದು ಸಲಹೆ ಬಂದಿತ್ತು. ಡಾ. ದೇವಿ ಶೆಟ್ಟಿ ನೇತೃತ್ವದ ತಜ್ಞರ ಸಮಿತಿಯು ಜೂನ್ 2021ರ ವರದಿಯಲ್ಲಿ ಶಾಲೆಗಳನ್ನು ತೆರೆಯಬೇಕೆಂದೂ, ಶಾಲೆಗೆ ಬರುವ ಪ್ರತಿ ಮಗುವಿಗೂ 2 ಲಕ್ಷ ರೂಪಾಯಿಗಳ ವೈದ್ಯಕೀಯ ವಿಮೆ ನೀಡಬೇಕೆಂದೂ ಶಿಫಾರಸು ಮಾಡಿತು. ವ್ಯವಹಾರದ ಭಾಷೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಮಾತಿಲ್ಲ. ಅಪಾಯ ಸಣ್ಣದು ಎಂದು ಸರ್ಕಾರಕ್ಕೆ ನಂಬಿಕೆ ಇದ್ದಲ್ಲಿ ವಿಮೆಯ ಕಂತೂ ಸಣ್ಣದೇ ಆಗಿರುತ್ತದೆ. ಆ ಕಂತನ್ನು ತಾನೇ ಕಟ್ಟಿ, ಪಾಲಿಸಿಯ ಸಂಖ್ಯೆಯನ್ನು ಒಪ್ಪಿಗೆ ಪತ್ರದ ಮೇಲೆ ಮುದ್ರಿಸಿದ್ದರೆ ಪೋಷಕರ ಕೈ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಸಹಿ ಕೇಳುವವನು ತನ್ನ ಪಾಲಿನ ಹೊಣೆಯನ್ನೂ ಅದೇ ಹಾಳೆಯಲ್ಲಿ ಬರೆಯಬೇಕು. ಮುಂದೆ ಇಂತಹ ಸಂದರ್ಭ ಬಂದಲ್ಲಿ ವಾಣಿಜ್ಯ ಸಂಸ್ಥೆಗಳು ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆ ಇದೇ: ವಾರ್ಡಿನ ಸೋಂಕಿನ ಅಂಕಿ, ಸಿಬ್ಬಂದಿಯ ಲಸಿಕೆಯ ವಿವರ, ಚಿಕಿತ್ಸೆಯ ವೆಚ್ಚದ ಹೊಣೆ, ಜೊತೆಗೆ ಮನೆಯಲ್ಲಿ ಉಳಿಯುವ ಮಗುವಿಗೆ ಯಾವ ಪಾಠ ಯಾವ ರೀತಿ ತಲುಪುತ್ತದೆ ಎಂಬ ಮಾತು. ಇವಿಲ್ಲದ ಒಪ್ಪಿಗೆಯನ್ನು ಒಪ್ಪಿಗೆ ಎನ್ನುವುದಕ್ಕಿಂತ ಕೈಬಿಡುಗಡೆ ಪತ್ರ ಎನ್ನುವುದು ಮೇಲು.

ನಷ್ಟದ ಬಾಬತ್ತು ಇನ್ನೂ ಮುಗಿದಿಲ್ಲ. ಎಳೆಯ ಮಕ್ಕಳ ಮಟ್ಟಿಗೆ ಸುದ್ದಿ ಸಮಾಧಾನಕರ. ರಾಜ್ಯವು 2022–23ನೇ ಸಾಲನ್ನು ಕಲಿಕಾ ಚೇತರಿಕೆ ವರ್ಷವೆಂದು ಘೋಷಿಸಿ, ರಜೆಯನ್ನು ಎರಡು ವಾರ ಕಡಿತಗೊಳಿಸಿ ಮೇ 16ರಂದೇ ಶಾಲೆ ಆರಂಭಿಸಿತು. ದೇಶದ ಗ್ರಾಮೀಣ ಭಾಗದ ಮೂರನೇ ತರಗತಿಯವರಲ್ಲಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲವರು 2018ರಲ್ಲಿ ಶೇ. 27.3 ಇದ್ದು, 2022ರಲ್ಲಿ ಶೇ. 20.5ಕ್ಕೆ ಕುಸಿದು, 2024ರಲ್ಲಿ ಶೇ. 27.1ಕ್ಕೆ ಮರಳಿದ್ದಾರೆಂದು ಅಸರ್ ವರದಿಗಳು ಹೇಳುತ್ತವೆ. ಆದರೆ 2024ರಲ್ಲಿ ಮೂರನೇ ತರಗತಿಯಲ್ಲಿದ್ದ ಮಗು ಬೇರೆ, ಶಾಲೆ ಮುಚ್ಚಿದ್ದಾಗ ಮೂರನೇ ತರಗತಿಯಲ್ಲಿದ್ದ ಮಗು ಬೇರೆ. ದೊಡ್ಡವರದು ಇನ್ನೂ ಕಷ್ಟ. 2021ರ ಜುಲೈನಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಬಹು ಆಯ್ಕೆಯ ಪ್ರಶ್ನೆಗಳೊಂದಿಗೆ ಎರಡೇ ದಿನಗಳಲ್ಲಿ ಮುಗಿಸಲಾಯಿತು; ಹಾಜರಾದವರಲ್ಲಿ ಬಹುತೇಕ ಎಲ್ಲರೂ ತೇರ್ಗಡೆಯಾದರು. ಆ ವರ್ಷದ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯಲೇ ಇಲ್ಲ. ಆ ಹುಡುಗರು ಈಗ ಇಪ್ಪತ್ತು ದಾಟಿದ್ದಾರೆ. ಅವರಲ್ಲಿ ಅನೇಕರು ಐ.ಟಿ.ಐ. ಮುಗಿಸಿ ಲೇತ್ ಯಂತ್ರದ ಮುಂದೆ, ಗೋದಾಮಿನ ದಾಸ್ತಾನು ಪುಸ್ತಕದ ಮುಂದೆ, ಅಂಗಡಿಯ ಬಿಲ್ಲಿಂಗ್ ಮೇಜಿನಲ್ಲಿ ಕುಳಿತಿದ್ದಾರೆ. ಅಂಕಪಟ್ಟಿ ಚೆನ್ನಾಗಿದೆ, ಶೇಕಡಾವಾರು ಲೆಕ್ಕ ಬರುವುದಿಲ್ಲ ಎಂದು ಮಾಲೀಕರು ದೂರುತ್ತಾರೆ. ದೂರು ಸುಳ್ಳಲ್ಲ. ಆ ಹುಡುಗ ಹತ್ತನೇ ತರಗತಿಯ ಗಣಿತವನ್ನು ತಂದೆಯ ಫೋನಿನ ಐದಿಂಚಿನ ಪರದೆಯಲ್ಲಿ, ಕರೆಗಳ ನಡುವೆ ನೋಡಿದವನು. ಕೆಲಸಕ್ಕೆ ಸೇರಿಸಿಕೊಂಡ ಮೊದಲ ಮೂರು ತಿಂಗಳು ದಿನಕ್ಕೆ ಅರ್ಧ ಗಂಟೆ, ಅಂಗಡಿ ಬಾಗಿಲು ಹಾಕುವ ಮುನ್ನ, ಡೆಲಿವರಿ ಚಲನ್ ಬರೆಯುವುದನ್ನೂ ರಿಯಾಯಿತಿ ಕಳೆದು ತೆರಿಗೆ ಕೂಡಿಸುವುದನ್ನೂ ಗುಮಾಸ್ತರಿಂದ ಹೇಳಿಸಿಕೊಡಲು ಮಾಲೀಕರಿಗೆ ಹೆಚ್ಚು ಖರ್ಚು ಬರುವುದಿಲ್ಲ.